ಇದ್ದತ್ತಿನ ಮಲ್ಲಿಗೆ

ಮುಸಲ್ಮಾನರಲ್ಲಿ ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಅದಕ್ಕೆ ಇದ್ದತ್ತು ಅಂತ ಹೆಸರು. ಆದರೆ ಮದ್ದೂರಿನ ಬಷೀರುನ್ನೀಸಾ ಒಬ್ಬಳೇ ಕೂರಲಿಲ್ಲ, ಜೊತೆಯಲ್ಲೊಂದು ದುಂಡುಮಲ್ಲಿಗೆ ಗಿಡವೂ ಇದ್ದತ್ತು ಕೂತಿತ್ತು!

ಅದು ೧೯೪೩. ಯುದ್ಧ ನಡೆದು, ಸೀಮೆಎಣ್ಣೆ ಸಿಗದೆ, ಊರಿನ ಗ್ಯಾಸ್‌ಲೈಟುಗಳೆಲ್ಲ ಅಟ್ಟ ಸೇರಿದ್ದವು. ಅವನ್ನು ರಿಪೇರಿ ಮಾಡುತ್ತಿದ್ದ ಅವಳ ಗಂಡ ಅಫ್ಸರ್ ಪಾಷಾ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟ. ಮಣ್ಣು ಮಾಡುವ ಮುಂಚೆ ಹಿತ್ತಿಲಲ್ಲಿ ಪರದೆ ಕಟ್ಟಿ, ಗಂಡಸರು ಅವನ ಮೈಯನ್ನು ಸೋಪು ಹಾಕಿ ತೊಳೆದು, ಕಡೆಗೆ ಕರ್ಪೂರದ ನೀರು ಹುಯ್ದರು. ಆ ನೀರೆಲ್ಲ ಹರಿದು ನಿಂತದ್ದು, ಹೋದ ವರ್ಷ ಅವನೇ ಹಲಗೂರಿನಿಂದ ತಂದು ನೆಟ್ಟಿದ್ದ ಮಲ್ಲಿಗೆಯ ಬುಡದಲ್ಲಿ. ವಾರದೊಳಗೆ ಗಿಡ ಜೋತುಬಿತ್ತು. ಹಿತ್ತಿಲಿಗೆ ಗೋಡೆಯಿಲ್ಲ, ರಸ್ತೆಗೆಲ್ಲ ಕಾಣುತ್ತೆ, ಇವಳು ಹೋಗುವಂತಿಲ್ಲ. ಪಕ್ಕದ ಮನೆಯ ಬೆಳ್ಳಮ್ಮನೇ ಗಿಡವನ್ನು ಮಣ್ಣುಸಮೇತ ಅಗೆದು, ಡಬ್ಬಕ್ಕೆ ಹಾಕಿ, ಕೋಣೆಯ ಕಿಟಕಿ ಕೆಳಗಿಟ್ಟಳು.

ಬಷೀರುನ್ನೀಸಾ ದಿನಾ ಎಲೆ ಒರೆಸಿದಳು, ಅಕ್ಕಿ ತೊಳೆದ ನೀರು ಹುಯ್ದಳು, ಬೇಳೆ ಸೀದದ್ದನ್ನೂ ಗಿಡಕ್ಕೇ ಹೇಳಿದಳು. ಎಲೆ ಹಳದಿಯಾಗುತ್ತಲೇ ಹೋಯಿತು. ಅದಾದರೂ ಇರಲಿ, ಗಿಡ ಬೆಳಕಿನ ಕಡೆಗಲ್ಲವೇ ವಾಲಬೇಕು? ಇದು ಕಿಟಕಿಗೆ ಬೆನ್ನು ಹಾಕಿ, ಪಾಷಾ ಮಲಗುತ್ತಿದ್ದ ಮಂಚದ ಕಡೆ ವಾಲಿತು! ಡಬ್ಬ ತಿರುಗಿಸಿಟ್ಟರೆ ಮಾರನೆಯ ಮಧ್ಯಾಹ್ನಕ್ಕೆ ಮತ್ತೆ ಮಂಚದ ಕಡೆಗೇ.

ಬೆಳ್ಳಮ್ಮ ಬಂದು ಮಣ್ಣು ಮೂಸಿದಳು. ಇನ್ನೂ ಕರ್ಪೂರದ ವಾಸನೆ.

"ಈ ಮಣ್ಣು ತೆಗ್ದಾಕು ಕಣಮ್ಮ. ಸೋಪಿನ್ ನೀರು ಕುಡ್ದು ಬೇರೆಲ್ಲ ಸುಟ್ಟೋಗದೆ. ಇನ್ನೆಂಟು ದಿನಕ್ಕೆ ಸೌದೆ ಆಯ್ತದೆ, ನೋಡ್ತಿರು."

"ಅವ್ರ ಮೈಮೇಲಿನ್ ನೀರು ಕುಡ್ದಿರೋ ಮಣ್ಣು ಬೆಳ್ಳಮ್ಮ. ಎಂಗ್ ಬಿಸಾಕ್ಲಿ?"

"ಮಣ್ ಮಡಿಕಂಡು ಗಿಡ ಸಾಯಿಸ್ತೀಯಾ? ಅವ್ನೇನು ಡಬ್ಬದೊಳ್ಗೆ ಕೂತವ್ನಾ?" ಎಂದು ನಕ್ಕ ಬೆಳ್ಳಮ್ಮ, ಗಿಡ ವಾಲಿದ ದಿಕ್ಕು ನೋಡಿ ತಟ್ಟನೆ ಎದ್ದಳು. "ನಾ ಬತ್ತೀನಿ ಕಣಮ್ಮ, ಎಸ್ರಿಟ್ಟು ಬಂದಿವ್ನಿ."

ಮೂರು ದಿನ ಬಷೀರುನ್ನೀಸಾ ಮಣ್ಣು ಮುಟ್ಟಲಿಲ್ಲ. ನಾಲ್ಕನೆಯ ದಿನ ಉಳಿದದ್ದು ಐದೇ ಎಲೆ. "ಮಾಫ್ ಮಾಡಿ ಜೀ," ಎಂದು ಮಂಚಕ್ಕೆ ಹೇಳಿ, ಗಿಡ ಕಿತ್ತು, ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಬೆಳ್ಳಮ್ಮ ತಂದುಕೊಟ್ಟ ಹೊಸ ಮಣ್ಣಿಗೆ ನೆಟ್ಟಳು. ಹಳೆಯದನ್ನು ಎಸೆಯಲು ಕೈ ಬರಲೇ ಇಲ್ಲ. ಮೊರದಲ್ಲಿ ಹರವಿ, ಅಂಗೈಯಿಂದ ಸಮ ಮಾಡಿ, ಮಂಚದ ಕೆಳಗೆ ತಳ್ಳಿದಳು.

ಬೆಳಿಗ್ಗೆ ಎಳೆದು ನೋಡಿದರೆ ಮಣ್ಣಿನ ಮೇಲೊಂದು ಹಸ್ತ ಒತ್ತಿತ್ತು. ಅವಳದಲ್ಲ, ಅಗಲವಾದದ್ದು. ಕಿರುಬೆರಳು ಅರ್ಧವೇ ಮೂಡಿತ್ತು. ಪಾಷಾನ ಕಿರುಬೆರಳಿನ ತುದಿಯನ್ನು ಯಾವುದೋ ಲೈಟಿನ ಪಂಪು ನುಂಗಿ ಹತ್ತು ವರ್ಷವಾಗಿತ್ತು. ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ಅವಳು ತನ್ನ ಕೈಯನ್ನು ಆ ಗುರುತಿನೊಳಗಿಟ್ಟಳು. ಮಣ್ಣು ಬೆಚ್ಚಗಿತ್ತು.

ಹದಿನೈದು ದಿನಕ್ಕೆ ಮಲ್ಲಿಗೆ ಚಿಗುರಿತು, ಕಿಟಕಿಯ ಕಡೆಗೆ! ಕಂಡ ಬೆಳ್ಳಮ್ಮ ಖುಷಿಯಾಗಿ, ಕೋಣೆ ಗುಡಿಸಿಕೊಡುತ್ತೇನೆಂದು ಮಂಚದಡಿಗೆ ಪೊರಕೆ ಚಾಚಿದಳು. ಬಷೀರುನ್ನೀಸಾ ಓಡಿಬಂದು ಅವಳ ಕೈ ಹಿಡಿದುಕೊಂಡಳು.

"ಅಲ್ ಮಾತ್ರ ಬ್ಯಾಡ ಬುಡು ಬೆಳ್ಳಮ್ಮ," ಎಂದಳು ಪಿಸುದನಿಯಲ್ಲಿ. "ಮಲಗವ್ರೆ."