ಹೊರಟು ನಿಂತ ಯೋಗಿರಾಜ

ಸೊಲ್ಲಾಪುರದ ಚಾದರದಂಗಡಿ ಯೋಗಿರಾಜ ಎರಡು ವರ್ಷದಿಂದ ಹೊರಟು ನಿಂತಿದ್ದಾನೆ. ಹೆಂಡತಿ ರೂಪಾಲಿ ಕೆನಡಾದಲ್ಲಿ ನರ್ಸು. ಗಂಡನನ್ನು ಕರೆಸಿಕೊಳ್ಳಲು ಅವಳು ಹಾಕಿದ ಅರ್ಜಿ ಅಲ್ಲಿಯ ಕಚೇರಿಯಲ್ಲಿ ಕೂತುಬಿಟ್ಟಿದೆ. ಯಾರು ಕೇಳಿದರೂ "ವೀಸಾ ಬಂತಂತ ತಿಳ್ಕೋರಿ" ಎನ್ನುವ ಯೋಗಿರಾಜ ತಲೆಗೆಣ್ಣೆಯನ್ನು ಸಣ್ಣ ಪೊಟ್ಟಣದಲ್ಲೇ ಕೊಳ್ಳುತ್ತಾನೆ. ಕಿತ್ತ ಚಪ್ಪಲಿಯನ್ನು ಮತ್ತೆ ಮತ್ತೆ ಹೊಲಿಸುತ್ತಾನೆ, ಹೊಸದನ್ನು ಕೆನಡಾದಲ್ಲೇ ಕೊಂಡರಾಯಿತೆಂದು. ಗುರುವಾರ ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಹೋಗಿ, ಇದೇ ಕೊನೆಯ ದರ್ಶನವೆಂದು ಸ್ವಾಮಿಗಳಿಗೆ ಹೇಳಿ ಬರುತ್ತಾನೆ. ಮುಂದಿನ ಗುರುವಾರ ತುಸು ನಾಚಿಕೊಂಡು ಮತ್ತೆ ಸರದಿಯಲ್ಲಿ ನಿಲ್ಲುತ್ತಾನೆ. ದಾರಿಯಲ್ಲಿ ಸಿಗುವ ಕುಂಭಾರಿಯಲ್ಲಿ ಸೋದರತ್ತೆ ಗಂಗುಬಾಯಿಯ ಮನೆ. ಬೀಳ್ಕೊಡಲೆಂದು ಟೋಪಿ, ಟವೆಲ್ಲು ಆಯೇರ ಮಾಡಿದವಳು ಅವಳು. "ಇನ್ನಾ ಇಲ್ಲೇ ಅದಿ ಏನೋ?" ಎಂದು ಅವಳು ಕೇಳಿದರೆ, "ಆಯೇರ ವಾಪಸ್ ಕೊಡ್ಲೇನ್ ಅತ್ತಿ?" ಎನ್ನುತ್ತಾನೆ. ಮದುವೆ ನಿಜವೆನ್ನಲು ಕಚೇರಿ ಪುರಾವೆ ಕೇಳುತ್ತಲೇ ಇರುವುದರಿಂದ ಗಂಡ ಹೆಂಡತಿ ದಿನವೂ ವಿಡಿಯೋ ಕಾಲಿನಲ್ಲಿ ನಕ್ಕು ಫೋಟೋ ತೆಗೆದಿಡುತ್ತಾರೆ. ಜಗಳದ ದಿನವೂ ಅದು ತಪ್ಪುವುದಿಲ್ಲ. "ಮೊದ್ಲ ನಗ್ರಿ, ಫೋಟೋ ಆಗ್ಲಿ, ಆಮ್ಯಾಲ ಬೈತೀನಿ" ಎನ್ನುತ್ತಾಳೆ ರೂಪಾಲಿ. ಫೋಟೋ ಆದ ಮೇಲೂ ಇಬ್ಬರೂ ಫೋನು ಇಡುವುದಿಲ್ಲ. ಅವಳು ಅದನ್ನು ಒಲೆಯ ಪಕ್ಕ ಆನಿಸಿಟ್ಟು ರೊಟ್ಟಿ ಬಡಿಯುತ್ತಾಳೆ. ಇವನು ಚಾದರದ ಗಂಟಿಗೆ ಒರಗಿಸಿಟ್ಟು ಚಾದರ ಮಡಚುತ್ತಾನೆ. ರೊಟ್ಟಿ ಚೆನ್ನಾಗಿ ಉಬ್ಬಿದರೆ ಅವಳು ಅದನ್ನೆತ್ತಿ ತೋರಿಸುತ್ತಾಳೆ, ಇವನು ತಲೆದೂಗುತ್ತಾನೆ. ಇದರದೂ ಒಂದು ಫೋಟೋ ತೆಗೆದು ಕಚೇರಿಗೆ ಕಳಿಸಬೇಕೆಂದು ಇಬ್ಬರಿಗೂ ಈವರೆಗೆ ಹೊಳೆದಿಲ್ಲ.