ಥಂಡಿಗೆ ತಡವರಿಸುತ್ತಿದ್ದ ಪಿಕಪ್ಪು

ನಮ್ಮ ಪಿಕಪ್ಪಿಗೆ ಎಂದೂ ಥಂಡಿ ಆಗುತ್ತಿರಲಿಲ್ಲ. ಅದನ್ನು ಓಡಿಸುವವರು ಹೋದ ಮೇಲೆ ಆಗತೊಡಗಿತು.

ಆಳಂದದಲ್ಲಿ ತೊಗರಿ ಕಾಯಿ ಬಲಿಯುವ ಹೊತ್ತಿಗೆ ಬೆಳಗಿನ ಚಳಿ ಕಿವಿ ಕಚ್ಚುತ್ತದೆ. ಅಂಥ ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿ ಏಳುತ್ತಿತ್ತು, ಏಳುವುದಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಗೇಟು ದಾಟಿಸಲು ಆಕ್ಸಿಲರೇಟರ್ ಒತ್ತಿದರೆ, ಸ್ಟೇಜ್ ಮೇಲೆ ಮಾತು ಮರೆತ ಹುಡುಗಿಯ ಹಾಗೆ ಸುಮ್ಮನೆ ನಿಲ್ಲುತ್ತಿತ್ತು. ಆಮೇಲೆ ಧಡಕ್ಕನೆ ಮುಂದಕ್ಕೆ ಜಿಗಿಯುತ್ತಿತ್ತು. ಬಸ್ ಸ್ಟ್ಯಾಂಡಿನ ತನಕ ಹೀಗೆ ಜಗ್ಗಾಡಿ, ಮೈ ಕಾದ ಮೇಲೆ ಪರ್ಫೆಕ್ಟ್ ಜಂಟಲ್‌ಮನ್.

ನಮ್ಮ ಯಜಮಾನರದು ತೊಗರಿ ವ್ಯಾಪಾರ. ಈ ಡೀಸೆಲ್ ಪಿಕಪ್ಪಿನಲ್ಲೇ ಅವರು ಅಫಜಲಪುರ, ಜೇವರ್ಗಿ ಎಂದು ಸುತ್ತುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು, ಅದೇ ವಿಭೂತಿ ಬೆರಳಿನಿಂದ ಬಾನೆಟ್ಟಿನ ಮೇಲೆ ಮೂರು ಗೆರೆ ಎಳೆಯುವರು. ಆಮೇಲೆ ಬಾನೆಟ್ ಎತ್ತಿ ಒಳಗೆ ತಲೆ ಹಾಕುವರು. ಎಂಜಿನ್ನಿಗೂ ವಿಭೂತಿ ಹಚ್ಚುತ್ತಾರೆ ಎಂದು ಮನೆಯವರೆಲ್ಲ ತಿಳಿದಿದ್ದೆವು. ಸೋಲಾಪುರದ ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಅದು ತಮಾಷೆ. "ನಿಮ್ಮ ಎಂಜಿನ್‌ಗೆ ಫೇಯ್ತ್ ಇದೆಯೇನ್ರಿ?" ಎಂದು ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದೆ. "ನಿಮಗಿಂತ ಜಾಸ್ತಿ ಅದರಿ, ಮೇಡಂ" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕೀಟಲೆಗೆ ಇಟ್ಟ ಆ 'ಮೇಡಂ' ಕೊನೆಯವರೆಗೂ ಉಳಿಯಿತು.

ಎಳ್ಳಮಾವಾಸ್ಯೆಯ ದಿನ ಮಾತ್ರ ಆ ಗಾಡಿ ತೊಗರಿ ಹೊರುತ್ತಿರಲಿಲ್ಲ, ನಮ್ಮನ್ನು ಹೊರುತ್ತಿತ್ತು. ಭೂಸನೂರಿನ ದಾರಿಯಲ್ಲಿರುವ ನಮ್ಮ ಹೊಲಕ್ಕೆ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಹಿಂದೆ. ಹೊಸ ಮಡಿಕೆಯಲ್ಲಿನ ಅಂಬಲಿ ಮಾತ್ರ ಮುಂದೆ, ನನ್ನ ತೊಡೆಯ ಮೇಲೆ. ಭೂಮಿತಾಯಿಗೆ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲುವ ತನಕ ಅದರಿಂದ ಒಂದು ಹನಿಯೂ ಕೆಳಗೆ ಬೀಳಬಾರದೆಂದು ಅತ್ತೆಯವರ ಕಟ್ಟಪ್ಪಣೆ. ಯಜಮಾನರು ಗಾಡಿಯನ್ನು ತೊಟ್ಟಿಲು ತೂಗಿದಂತೆ ಒಯ್ಯುತ್ತಿದ್ದರು. ಎಷ್ಟೋ ವರ್ಷ ನನ್ನ ಸೀರೆಗೆ ಅಂಬಲಿಯ ಕಲೆಯಾದದ್ದಿಲ್ಲ.

ಅವರು ತೀರಿಕೊಂಡ ವರ್ಷ ನಾವು ಹೊಲಕ್ಕೆ ಹೋಗಲಿಲ್ಲ. ಈ ಸಲ ಹಬ್ಬ ಹತ್ತಿರ ಬಂದಾಗ ಮೈದುನ ಬಂದು ಕಟ್ಟೆಯ ಮೇಲೆ ಕುಳಿತ. ಅಣ್ಣನ ವ್ಯಾಪಾರ, ಗಾಡಿ ಎರಡನ್ನೂ ಈಗ ನೋಡಿಕೊಳ್ಳುವವನು ಅವನೇ.

"ವೈನಿ, ಗಾಡಿ ಮುದುಕ ಆಗ್ಯಾದ್ರಿ. ಥಂಡ್ಯಾಗ ಕೆಮ್ಮಾಕತ್ತದ. ಹಬ್ಬಕ್ಕ ಬಾಡಿಗಿ ಗಾಡಿ ಹೇಳ್ತೇನಿ. ಆಮ್ಯಾಲ ಇದನ್ನ ಎಕ್ಸ್‌ಚೇಂಜ್‌ನಾಗ ಕೊಟ್ಟಬಿಡೂಣ್ರಿ."

"ನಾನೂ ಥಂಡ್ಯಾಗ ಕೆಮ್ಮತೇನಿ ತಮ್ಮಾ. ಜೋಡಿಲೇ ಕೊಟ್ಟಬಿಡು" ಎಂದೆ.

"ನಿಮಗ ಎಕ್ಸ್‌ಚೇಂಜ್‌ನಾಗ ಏನ್ ಕೊಡ್ತಾರ ಬಿಡ್ರಿ!" ಎಂದು ಅವನು ನಕ್ಕ. ನಾನೂ ನಕ್ಕೆ. ಆದರೆ ಮಡಿಕೆ ಹಿಡಿದು ಪರರ ಗಾಡಿಯಲ್ಲಿ ಕುಳಿತಂತೆ ಕಣ್ಣಿಗೆ ಕಟ್ಟಿತು.

"ಹಬ್ಬದೊಳಗ ನೆಟ್ಟಗ ಆದ್ರ?"

"ಆದ್ರ ಇರ್ಲಿ ಬಿಡ್ರಿ. ನನಗೇನು ಗಾಡಿ ಮ್ಯಾಲ ಸಿಟ್ಟದೇನ್ರಿ?"

ಪಾಪ, ಅವನು ಮಾಡದ್ದೇನಿರಲಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದ್ದ. ಹೀಟರ್ ಪ್ಲಗ್ ಹೊಸವು ಹಾಕಿಸಿದ್ದ. ಮಿಸ್ತ್ರಿಯ ಬಳಿ ಒಯ್ದಾಗಲೆಲ್ಲ ಒಂದೇ ಕಥೆ: ಮನೆಯಿಂದ ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಂಜಿನ್ ಕಾದಿರುತ್ತಿತ್ತು. ಮಿಸ್ತ್ರಿ ಒಂದು ಸುತ್ತು ಓಡಿಸಿ, "ಮಸ್ತ್ ಅದಲ್ರಿ ಸಾವಕಾರ್ರ, ನಿಮಗ ಖಯಾಲಿ" ಎಂದು ಕೀಲಿ ವಾಪಸ್ ಕೊಡುತ್ತಿದ್ದ.

ಆಗ ನನಗೆ ನೆನಪಾದದ್ದು ನಮ್ಮ ಕಾನ್ವೆಂಟಿನ ಇನ್‌ಫರ್ಮರಿ ಸಿಸ್ಟರ್. ಜ್ವರ ಎಂದು ಹೋದರೆ ಮೊದಲು ಥರ್ಮಾಮೀಟರ್, ಆಮೇಲೆಯೇ ಬಿಸಿ ಹಾಲು. ಹಾಲು ಮೊದಲು ಕುಡಿದರೆ ಬಾಯಿ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ನಮ್ಮ ಪಿಕಪ್ಪು ಪ್ರತಿ ಸಲವೂ ಹಾಲು ಕುಡಿದೇ ಡಾಕ್ಟರ ಬಳಿ ಹೋಗುತ್ತಿತ್ತು.

"ಮಿಸ್ತ್ರಿನೇ ಮನಿಗೆ ಕರಿ. ಗಾಡಿ ತಣ್ಣಗ ಇದ್ದಾಗ ನೋಡ್ಲಿ" ಎಂದೆ.

ಮಿಸ್ತ್ರಿ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು, ಗೊಣಗುತ್ತಲೇ ಬಂದ. ನಾನು ಒಲೆಯ ಮೇಲೆ ಚಹಾಕ್ಕೆ ಇಟ್ಟು ಕಿಟಕಿಯಲ್ಲಿ ನಿಂತೆ. ಮೈದುನ ಅಣ್ಣನ ರೂಢಿಯಂತೆ ಬಾನೆಟ್ಟಿಗೆ ವಿಭೂತಿ ಹಚ್ಚಿದ, ಎತ್ತಿ ಎಂಜಿನ್ನಿಗೂ ಭಕ್ತಿಯಿಂದ ಹಚ್ಚಿದ. ಕೈ ಮುಗಿದು ಬಾನೆಟ್ ಮುಚ್ಚಿದ. ಕೀಲಿ ತಿರುಗಿಸಿದ. ಏಳುವುದು, ತಡವರಿಸುವುದು, ಜಿಗಿಯುವುದು ಎಲ್ಲ ಆಯಿತು.

ಏನೋ ಕಡಿಮೆ ಅನ್ನಿಸಿತು ನನಗೆ. ಕಣ್ಣಿಗಲ್ಲ, ಕಿವಿಗೆ. ಬಾನೆಟ್ ಎತ್ತುವುದಕ್ಕೂ ಮುಚ್ಚುವುದಕ್ಕೂ ನಡುವೆ ಒಂದು ಸದ್ದು ಇರುತ್ತಿತ್ತಲ್ಲ? ಚುಕ್ ಚುಕ್ ಚುಕ್ ಎಂದು. ಮೊದಲು ಮೆತ್ತಗೆ, ಬರುಬರುತ್ತ ಗಟ್ಟಿ. ಆ ಸದ್ದು ಗಟ್ಟಿಯಾಗಿ ನಿಂತಾಗ ನಾನು ಚಹಾ ಇಳಿಸುತ್ತಿದ್ದೆ. ವರ್ಷಾನುಗಟ್ಟಲೆ ಅದೇ ನನ್ನ ಟೈಮಿಂಗ್. ಅವರು ಕೈ ಒರೆಸಿಕೊಂಡು ಒಳಗೆ ಬಂದರೆ ಚಹಾದ ಕಪ್ಪು ಕಟ್ಟೆಯ ಮೇಲೆ ರೆಡಿ.

ಶಾಲು ಹೊದ್ದು ಅಂಗಳಕ್ಕೆ ಓಡಿದೆ. "ತಡಿ, ತಡಿ! ನಿಮ್ಮಣ್ಣ ಒಳಗ ಏನೋ ಒತ್ತತಿದ್ರು. ಚುಕ್ ಚುಕ್ ಅಂತಿತ್ತು."

ಮಿಸ್ತ್ರಿ ಮಫ್ಲರ್ ಸರಿಸಿ ನನ್ನನ್ನು ನೋಡಿದ. "ಹ್ಯಾಂಡ್ ಪಂಪ್ ಏನ್ರಿ ಅಮ್ಮಾರ? ದಿನಾ?"

"ಥಂಡ್ಯಾಗ ದಿನಾ."

ಅವನು ಫಿಲ್ಟರಿನ ಪಕ್ಕದ ಗುಂಡಿಯಂಥ ಪಂಪನ್ನು ಹೆಬ್ಬೆರಳಿಂದ ಒತ್ತಿದ. ಅದೇ ಸದ್ದು. ನಾನು ಬಾನೆಟ್ಟಿನ ಅಂಚನ್ನು ಹಿಡಿದುಕೊಂಡೆ.

"ಹವಾ ಎಳ್ಯಾಕತ್ತದ್ರಿ" ಎಂದ ಮಿಸ್ತ್ರಿ. "ಡೀಸೆಲ್ ಟಾಕಿ ಕಡಿಂದ ಬರೋ ಪೈಪಿನ್ಯಾಗ ಎಲ್ಲೋ ಸೀಳ್ಯಾದ. ರಾತ್ರಿ ನಿಂತ್ರ ಡೀಸೆಲ್ ಹಿಂದಕ್ಕ ಇಳಿತದ. ದೊಡ್ಡ ಸಾವಕಾರ್ರು ಮುಂಜಾನೆದ್ದು ಪಂಪ್ ಒತ್ತಿ ತುಂಬಸ್ತಿದ್ರು."

ಮೈದುನ ಬೆರಳಿನ ವಿಭೂತಿ ನೋಡಿಕೊಂಡ. "ಅಂದ್ರ ಅಣ್ಣ ಪೂಜಾ ಮಾಡ್ತಿದ್ದಿಲ್ಲೇನು?"

"ಪೂಜಾನೂ ಮಾಡ್ತಿದ್ರಲ್ರಿ. ನೀವು ಅದಷ್ಟ ಮಾಡಿದ್ರಿ" ಎಂದು ಮಿಸ್ತ್ರಿ ನಕ್ಕ. ಮೈದುನನೂ ನಕ್ಕ, ಆಮೇಲೆ ಮುಖ ಆಚೆ ತಿರುಗಿಸಿದ.

ಫಿಲ್ಟರಿಗೆ ಬರುವ ದಾರಿಯಲ್ಲಿ ಮಿಸ್ತ್ರಿ ಒಂದು ತುಂಡು ಪಾರದರ್ಶಕ ಪೈಪು ಸಿಕ್ಕಿಸಿದ, ಸಲೈನ್ ಪೈಪಿನ ಹಾಗೆ. ಗಾಡಿ ಚಾಲೂ ಮಾಡಿದರೆ ಡೀಸೆಲ್ ಜೊತೆ ಗುಳ್ಳೆಗಳು ಸಾಲು ಹಿಡಿದು ಬಂದವು. ಗಾಡಿಯ ಕೆಳಗೆ ಮಲಗಿ ಕೈ ಆಡಿಸುತ್ತ ಹೋಗಿ, ಟಾಕಿಯ ಹತ್ತಿರ ರಬ್ಬರ್ ಪೈಪಿನ ಒಂದು ಜಾಗದಲ್ಲಿ ಮಿಸ್ತ್ರಿ ಕೈ ನಿಲ್ಲಿಸಿದ. ಅಲ್ಲಿ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬ್ಯಾಂಡೇಜಿನ ಹಾಗೆ ನೀಟಾಗಿ ಸುತ್ತಿ, ತಂತಿ ಬಿಗಿದಿತ್ತು; ಯಜಮಾನರದೇ ಕೈಕೆಲಸ. ಚಳಿಗೆ ರಬ್ಬರ್ ಸೆಟೆದು ಸೀಳು ಬಾಯಿ ಬಿಡುತ್ತಿತ್ತಂತೆ, ಕಾದ ಮೇಲೆ ಮುಚ್ಚಿಕೊಳ್ಳುತ್ತಿತ್ತಂತೆ.

ಪೈಪು ಬದಲಿಸಿಬಿಟ್ಟರೆ ಮುಗಿಯುತ್ತಿತ್ತು. ಅವರೇಕೆ ಬದಲಿಸಲಿಲ್ಲ? ಇವತ್ತು ನಾಳೆ ಎಂದಿರಬೇಕು. ಅಥವಾ ಆ ಹೊತ್ತು ಅವರಿಗೆ ಹಿತವಾಗಿತ್ತೋ ಏನೋ: ಕೈಗೆ ಕೆಲಸ, ಒಳಗೆ ಚಹಾದ ಪರಿಮಳ. ಐ ವಿಲ್ ನೆವರ್ ನೋ.

ಹೊಸ ಪೈಪು ಬಿತ್ತು.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಚಳಿ ಜೋರಾಗಿತ್ತು. ಮೈದುನ ವಿಭೂತಿ ಹಚ್ಚಿ ಕೀಲಿ ತಿರುಗಿಸಿದ. ಗಾಡಿ ಒಂದೇ ಮಾತಿಗೆ ಎದ್ದು, ಅಂಗಳದಲ್ಲಿ ಮುಂದೆ ಹಿಂದೆ ಬೆಣ್ಣೆಯ ಹಾಗೆ ಸರಿಯಿತು. ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ.

"ಅಕ್ಕಾ, ಚಹಾ ಉಕ್ಕಾಕತ್ತದ!" ಎಂದು ಮೈದುನನ ಹೆಂಡತಿ ಕೂಗಿದಳು. "ಎಲ್ಲಿಟ್ಟೀರಿ ಖಬರು?"

ಒಲೆಯ ತುಂಬ ಚಹಾ. ಸದ್ದು ಬರಲೇ ಇಲ್ಲ, ನಾನು ಇಳಿಸುವುದಾದರೂ ಹೇಗೆ? ಅದನ್ನೇ ಅವಳಿಗೆ ಹೇಳಿದೆ. ಅವಳು ಒಲೆ ಒರೆಸಿದ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಮಡಿಕೆ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಭೂಸನೂರಿನ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ನಿಧಾನಕ್ಕೆ ನಾವು. ಹೊಲದ ಬದುವಿಗೆ ಇಳಿದು ಮಡಿಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ ಅಂಬಲಿ ಕಂಠದ ತನಕ ಹಾಗೇ ಇತ್ತು. ಮೈದುನ ಬಗ್ಗಿ ನೋಡಿ, "ಎಕ್ಸ್‌ಚೇಂಜಿನವಂಗ ಬ್ಯಾಡ ಅಂತ ಫೋನ್ ಮಾಡ್ತೇನ್ರಿ" ಎಂದು ಚರಗದ ಬುಟ್ಟಿ ಎತ್ತಿಕೊಂಡು ಜೋಳದ ಸಾಲಿಗೆ ಇಳಿದ.

ಮರುದಿನ ಬೆಳಿಗ್ಗೆ ಚಹಾಕ್ಕೆ ಇಟ್ಟಿದ್ದೆ. ಅಂಗಳದಲ್ಲಿ ಚುಕ್ ಚುಕ್ ಎಂದಿತು. ಮೆತ್ತಗಿನ ಸದ್ದಲ್ಲ, ಹೊಸ ಪೈಪಲ್ಲವೇ, ಪಂಪು ಮೊದಲ ಒತ್ತಿಗೇ ಗಟ್ಟಿ. ಕಿಟಕಿಗೆ ಬಂದೆ. ಮೈದುನನ ತಲೆ ಬಾನೆಟ್ಟಿನೊಳಗಿತ್ತು. ಅವನ ಹೆಂಡತಿ ಬಾಗಿಲಲ್ಲಿ ರಂಗೋಲಿ ಡಬ್ಬಿ ಹಿಡಿದು, ಏನೂ ಗೊತ್ತಿಲ್ಲದವಳ ಹಾಗೆ ನಿಂತಿದ್ದಳು.

"ಯಾಕೋ ತಮ್ಮಾ, ಈಗದು ಬೇಕಿಲ್ಲಲ್ಲ?"

"ಗಾಡಿಗಿ ಬೇಕಿಲ್ರಿ ವೈನಿ" ಎಂದ, ತಲೆ ಹೊರಗೆ ತೆಗೆಯದೆ. "ಚಹಾ ಇಳಸ್ರಿ."