ಮೂರು ಊರಿನ ಮುದ್ರೆ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಯಾವ ಶಿಬಿರಕ್ಕೆ ಸೇರಿಸುವುದೆಂದು ಯಾರೂ ತಲೆಕೆಡಿಸಿಕೊಳ್ಳದಿದ್ದ ದಿನಗಳವು. ನಾವಿದ್ದದ್ದು ವಡೋದರದ ಫತೇಗಂಜ್‌ನಲ್ಲಿ, ಅಪ್ಪನ ಉಡುಪಿ ಹೋಟೆಲಿನ ಮೇಲಿನ ಮಹಡಿಯಲ್ಲಿ. ಕಾಲೇಜು ಹುಡುಗರ ಊಟದ ಗದ್ದಲ ಮಧ್ಯಾಹ್ನ ಮೂರಕ್ಕೆ ಮುಗಿದರೆ, ಸಂಜೆಯ ದೋಸೆ ಕಾವಲಿ ಕಾಯುವುದು ಐದಕ್ಕೆ. ನಡುವಿನ ಎರಡು ಗಂಟೆ ಫ್ಯಾಮಿಲಿ ರೂಮಿನ ಮೂಲೆಯ ಮೇಜು ನಮ್ಮದು. ಎಷ್ಟು ಒರೆಸಿದರೂ ಅದರ ಸಾಂಬಾರಿನ ವಾಸನೆ ಹೋಗುತ್ತಿರಲಿಲ್ಲ.

ಆ ಮೇಜಿನ ಮೇಲೆ ಒಂದು ಲೋಕವಿತ್ತು. ಅದನ್ನು ಕಟ್ಟಿದವನು ದೊಡ್ಡಪ್ಪನ ಮಗ ಪ್ರಸನ್ನಣ್ಣ. ಯುನಿವರ್ಸಿಟಿಯಲ್ಲಿ ಓದುತ್ತಾ ನಮ್ಮ ಮನೆಯಲ್ಲೇ ಇದ್ದ. ಹಾಸ್ಟೆಲಿನ ಗೆಳೆಯರಿಂದ ಕಲಿತು ಬಂದ ಆಟ. ಅವನು ಲೋಕವನ್ನು ವರ್ಣಿಸುತ್ತಾ ಹೋಗುವುದು, ನಾವು ಅದರೊಳಗೆ ಒಂದೊಂದು ವೇಷ ತೊಟ್ಟು ‘ನಾನೀಗ ಹೀಗೆ ಮಾಡುತ್ತೇನೆ’ ಎನ್ನುವುದು, ಅದು ಆಗುತ್ತದೋ ಇಲ್ಲವೋ ದಾಳ ಉರುಳಿಸಿ ನೋಡುವುದು. ಪಕ್ಕದ ಓಣಿಯ ಜಿಗ್ನಾ ಆ ಲೋಕದಲ್ಲಿ ರಾಣಿ. ಹತ್ತು ತುಂಬಿದ ನಾನು ರಾಣಿಯ ಆಸ್ಥಾನದ ಬರಹಗಾರ್ತಿ. ನನಗೂ ಕತ್ತಿ ಬೇಕೆಂದು ಅತ್ತದ್ದುಂಟು, ಆದರೆ ದಾಳ ನನಗೆ ಕೊಟ್ಟದ್ದು ಲೇಖನಿ.

ಅಲ್ಲಿನ ಪುಸ್ತಕಗಳೆಲ್ಲ ಪ್ರಾಚೀನ ಭಾಷೆಯಲ್ಲೇ ಇರಬೇಕು. ಪ್ರಾಚೀನ ಭಾಷೆ ಎಂದರೆ ಕನ್ನಡ! ಜಿಗ್ನಾಳಿಗೆ ಆ ಅಕ್ಷರಗಳು ಮಾಟಮಂತ್ರದ ಗೆರೆಗಳ ಹಾಗೆ ಕಾಣುತ್ತಿದ್ದವು. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ. ಮನೆಯಲ್ಲಿ ಮಾತಾಡಲು ಬರುತ್ತಿತ್ತೇ ಹೊರತು ಬರೆಯಲು ಯಾರು ಕಲಿಸಿದ್ದರು? ಅಮ್ಮ ಬೀನ್ಸ್ ಹೆಚ್ಚುವಾಗ ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ತಿದ್ದಿದೆ.

“ಶಾಲೆ ಹೋಮ್‌ವರ್ಕಿಗೆ ಇಲ್ಲದ ಭಕ್ತಿ ಎಲ್ಲಿಂದ ಬಂತು ಮಾರಾಯ್ತಿ?” ಎಂದು ಅಮ್ಮ ನಗುತ್ತಿದ್ದಳು.

ಬರೆದರೆ ಮುಗಿಯಿತೇ? ಪ್ರಕಟವಾಗಬೇಕಲ್ಲ. ಪ್ರಸನ್ನಣ್ಣನ ನಿಯಮ ಕಟ್ಟುನಿಟ್ಟು. ಬರೆದವರು ತಮ್ಮ ಕೈಯಿಂದಲೇ ಮೂರು ಪ್ರತಿ ಮಾಡಬೇಕು. ಮೂರೂ ಮೂರು ಊರಿಗೆ ಹೋಗಬೇಕು. ಒಂದೊಂದು ಊರಿನಲ್ಲೂ ಒಬ್ಬರು ಪೂರ್ತಿ ಓದಿ, ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಬರೆದು, ಊರಿನ ಮುದ್ರೆ ಒತ್ತಿ ಹಿಂದೆ ಕಳಿಸಬೇಕು. ಪ್ರಶ್ನೆಗಳಿಗೆ ಉತ್ತರ ಸೇರಿಸಿದ ಮೇಲೆ ಪುಸ್ತಕದ ಹೆಸರು ಅವನ ದಪ್ಪ ರಿಜಿಸ್ಟರಿಗೆ ಏರುತ್ತದೆ. ಅಲ್ಲಿಗೆ ಏರದ ಪುಸ್ತಕವನ್ನು ಆಟದಲ್ಲಿ ಯಾರೂ ಬಳಸುವಂತಿಲ್ಲ. ಫೋನಿನಲ್ಲಿ ಕೇಳಿ ಮುಗಿಸೋಣ ಎಂದರೆ, “ಆ ಲೋಕದಲ್ಲಿ ಫೋನ್ ಎಲ್ಲುಂಟು?” ಎನ್ನುತ್ತಿದ್ದ.

ಮೂರು ಊರಿಗೆ ನಮಗೆ ಬರವಿರಲಿಲ್ಲ. ವಡೋದರದಲ್ಲಿ ಅಮ್ಮನೇ ಓದುವವಳು, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದ ಲೋಟದ ತಳ ಅವಳ ಮುದ್ರೆ. ಅಹಮದಾಬಾದಿನಲ್ಲಿ ಚಿಕ್ಕಪ್ಪನ ಹೋಟೆಲು, ಅಲ್ಲಿ ಚಿಕ್ಕಮ್ಮ ಅರ್ಧ ಕತ್ತರಿಸಿದ ಬೆಂಡೆಕಾಯಿಯನ್ನು ಅರಿಸಿನದಲ್ಲಿ ಅದ್ದಿ ಹೂವು ಒತ್ತುತ್ತಿದ್ದಳು. ಸೂರತ್ತಿನ ಆಚೆ ಸಚಿನ್ ಎಂಬ ಊರಿನ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುತ್ತಿದ್ದವನು ನನ್ನ ಸೋದರಮಾವ. ಅವನ ಮುದ್ರೆ ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದ ಹೆಬ್ಬೆರಳು.

ಊರಿನಿಂದ ಕುಚ್ಚಲಕ್ಕಿ, ಬ್ಯಾಡಗಿ ಮೆಣಸು ರೈಲಿನಲ್ಲಿ ಬಂದು ಮೊದಲು ಮಾವನ ಹತ್ತಿರ ಇಳಿಯುತ್ತಿತ್ತು. ಅಲ್ಲಿಂದ ಟೆಂಪೋದಲ್ಲಿ ನಮ್ಮಲ್ಲಿಗೆ, ನಮ್ಮಲ್ಲಿಂದ ಅಹಮದಾಬಾದಿಗೆ. ಖಾಲಿ ಗೋಣಿಗಳು ಕಟ್ಟಾಗಿ ಅದೇ ದಾರಿಯಲ್ಲಿ ವಾಪಸು. ನನ್ನ ಪುಸ್ತಕಗಳ ಪ್ರಯಾಣವೂ ಅದರೊಳಗೇ. ತುಂಬಿದ ಮೂಟೆಗಿರುವ ಅವಸರ ಖಾಲಿ ಗೋಣಿಗಿರುತ್ತದೆಯೇ? ಗೋಣಿ ಕಟ್ಟಲು ಐವತ್ತು ಸೇರಬೇಕು, ಹಾಗಾಗಿ ಮಾವನ ಕೈಗೆ ನನ್ನ ಪ್ರತಿ ಸೇರುವುದು ಯಾವಾಗಲೂ ಕೊನೆಗೆ.

ನಾನು ಬರೆದ ಪುಸ್ತಕ ‘ಮೊಸಳೆ ಹೊಳೆ ದಾಟುವ ವಿದ್ಯೆ’. ಹತ್ತು ಪುಟ. ನಮ್ಮೂರ ವಿಶ್ವಾಮಿತ್ರಿ ನದಿಯ ಸೇತುವೆ ಮೇಲಿಂದ ಮೊಸಳೆ ನೋಡಿ ಬೆಳೆದವಳಿಗೆ ಬೇರೆ ವಿಷಯ ಹೊಳೆದೀತೇ? ರಾಣಿ ಆಗಲೇ ಹೊಳೆಯ ದಂಡೆಗೆ ಬಂದು ನಿಂತಿದ್ದಳು. ಹಿಂದೆ ಶತ್ರು ಸೈನ್ಯ, ಮುಂದೆ ಮೊಸಳೆಗಳು, ಅವಳ ಕೈಗೆ ಬೇಕಿದ್ದದ್ದು ನನ್ನ ಪುಸ್ತಕ. ಡಿಕಾಕ್ಷನ್ನಿನ ಉಂಗುರ ಬಂತು, ಬೆಂಡೆಕಾಯಿಯ ಹೂವು ಬಂತು, ನೀಲಿ ಹೆಬ್ಬೆರಳು ಮಾತ್ರ ಬರಲಿಲ್ಲ. ಮೂರು ಮಧ್ಯಾಹ್ನ ರಾಣಿ ದಂಡೆಯ ಮೇಲೇ ನಿಂತಳು.

“ಜಲ್ದಿ ಕರ್ ನೇ, ವಿದ್ಯಾ!” ಎಂದು ಜಿಗ್ನಾ ದಿನವೂ ಅವಸರಿಸುತ್ತಿದ್ದಳು.

ಅವಳ ಅವಸರಕ್ಕೆ ನಾನು ಕರಗಿದೆ ಎಂದರೆ ಅರ್ಧ ಸುಳ್ಳು. ರಿಜಿಸ್ಟರಿನಲ್ಲಿ ನನ್ನ ಹೆಸರು ನೋಡುವ ಆಸೆ ನನ್ನನ್ನು ತಿನ್ನುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಇನ್ನೊಂದು ಪ್ರತಿ ಬರೆದೆ. ಕೊನೆಯ ಪುಟದಲ್ಲಿ, ಮಾವನ ಅಕ್ಷರದಂತೆ ಓರೆಯಾಗಿ, ‘ಪ್ರಶ್ನೆ ಏನೂ ಇಲ್ಲ’ ಎಂದು ಬರೆದು, ಬಚ್ಚಲಿನ ನೀಲಿ ಬಾಟಲಿಗೆ ನನ್ನದೇ ಹೆಬ್ಬೆರಳು ಅದ್ದಿ ಒತ್ತಿದೆ.

ಪ್ರಸನ್ನಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. “ಮಾವನ ಬೆರಳು ಸಣ್ಣಗಾಗಿದೆಯಲ್ಲ?” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಫ್ರಾಕಿನ ಹಿಂದೆ ಹೋಯಿತು. ಅವನು ಇನ್ನೇನೂ ಕೇಳದೆ ರಿಜಿಸ್ಟರಿನಲ್ಲಿ ಹೆಸರು ಬರೆದ.

ನಾನು ಏಳನೆಯ ಪುಟ ತೆರೆದು, ಗುಜರಾತಿ ಮಾಡಿ ಜಿಗ್ನಾಳಿಗೆ ಹೇಳಿದೆ: ನಡು ಮಧ್ಯಾಹ್ನ ಮೊಸಳೆಗಳು ಮರಳಿನ ಮೇಲೆ ಮಲಗಿರುತ್ತವೆ, ಗಂಟೆ ಬಾರಿಸುತ್ತಾ ನೇರ ದಾಟು.

“ಗಂಟೆ ಬಾರಿಸ್ತೀಯಾ?” ಪ್ರಸನ್ನಣ್ಣ ಹಿಂದಿಯಲ್ಲಿ ಕೇಳಿದ.

“ಹಾ. ಪುಸ್ತಕದಲ್ಲಿದೆ,” ಎಂದಳು ಜಿಗ್ನಾ.

ಅವನು ದಾಳವನ್ನೂ ಮುಟ್ಟಲಿಲ್ಲ. ಮೊಸಳೆಗಳು ಎದ್ದವು, ರಾಣಿ ನಡುಹೊಳೆಯಲ್ಲಿ ಸತ್ತಳು ಎಂದ. ಆ ರಾಣಿಗೆ ಜಿಗ್ನಾ ರಜೆಯ ಮೊದಲ ದಿನದಿಂದ ಕಿರೀಟ, ಕುದುರೆ, ಏಳು ಕೋಟೆ ಗಳಿಸಿಕೊಟ್ಟಿದ್ದಳು. ಅವಳು ಅಳಲಿಲ್ಲ. ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮನೆಗೆ ಹೋದಳು.

ಎರಡು ದಿನದ ಮೇಲೆ ಮೆಣಸಿನ ಮೂಟೆಯ ಜೊತೆ ಮಾವನ ಪ್ರತಿ ಬಂತು. ಬಿಚ್ಚಿದರೆ ಸೀನು ಬರುವಷ್ಟು ಘಾಟು. ಕೊನೆಯ ಪುಟದಲ್ಲಿ ದೊಡ್ಡ ನೀಲಿ ಹೆಬ್ಬೆರಳು, ಅದರ ಮೇಲೆ ಪ್ರಶ್ನೆ: ‘ಪುಟ್ಟೀ, ಮೂರನೇ ಪುಟದಲ್ಲಿ ಮೊಸಳೆ ಸಣ್ಣ ಸದ್ದಿಗೂ ಏಳ್ತದೆ ಅಂತ ಬರ್ದಿದ್ದಿ. ಏಳನೇ ಪುಟದಲ್ಲಿ ಗಂಟೆ ಬಾರ್ಸು ಅಂತಿ. ನಾನು ಯಾವುದನ್ನ ನಂಬುದು?’

ಓಡಿಹೋಗಿ ಪ್ರಸನ್ನಣ್ಣನಿಗೆ ಎಲ್ಲ ಒಪ್ಪಿಸಿದೆ. ರಾಣಿಯನ್ನು ಬದುಕಿಸು ಎಂದು ಬೇಡಿದೆ.

“ಬೆರಳು ನಿಂದು ಅಂತ ನಂಗೆ ಅವತ್ತೇ ಗೊತ್ತಿತ್ತು,” ಎಂದ ಅವನು. “ಆದ್ರೆ ಆ ಲೋಕಕ್ಕೆ ಎಂತ ಗೊತ್ತು? ಮುದ್ರೆ ಉಂಟು, ನಂಬಿತು. ಪ್ರಕಟ ಆದದ್ದನ್ನ ಹಿಂದೆ ತಗೊಳ್ಳಿಕ್ಕೆ ಬರುದಿಲ್ಲ. ತಪ್ಪೊಪ್ಪಿಗೆ ಬರಿ. ಅದೂ ಮೂರು ಊರು ತಿರುಗಿ ಬರ್ಲಿ. ಮತ್ತೆ ನೋಡುವ.”

ಗೊತ್ತಿದ್ದೂ ಸುಮ್ಮನಿದ್ದನಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಆರಿಲ್ಲ. ಆದರೂ ಬರೆದೆ. ಮುದ್ರೆ ನನ್ನದು, ಸುಳ್ಳು ನನ್ನದು, ರಾಣಿ ಸತ್ತದ್ದು ಅದರಿಂದ ಎಂದು ಮೂರು ಸಲ ಬರೆಯುವಾಗ ಮೂರು ಸಲವೂ ಅತ್ತೆ. ಅಮ್ಮ ಓದಿ ಏನೂ ಬೈಯದೆ ಲೋಟ ಅದ್ದಿ ಒತ್ತಿದಳು. ಚಿಕ್ಕಮ್ಮನ ಹೂವು ಬಂತು. ಈ ಸಲ ಮಾವನಿಗಾಗಿ ಕಾದೆ. ಕಾಯುತ್ತಿದ್ದಾಗಲೇ ಪ್ರಸನ್ನಣ್ಣನಿಗೆ ಜಾಮ್‌ನಗರದಲ್ಲಿ ಕೆಲಸ ಸಿಕ್ಕಿ, ರಿಜಿಸ್ಟರು ಟ್ರಂಕಿಗೆ ಹಾಕಿಕೊಂಡು ಹೊರಟುಬಿಟ್ಟ. ನೀಲಿ ಹೆಬ್ಬೆರಳು ಬಂದದ್ದು ಶಾಲೆ ಶುರುವಾಗುವ ಹಿಂದಿನ ದಿನ.

ಏರಿಸಲು ರಿಜಿಸ್ಟರಿಲ್ಲ, ಓದಲು ಲೋಕವಿಲ್ಲ. ಮೂರೂ ಪ್ರತಿ ಹಿಡಿದು ಜಿಗ್ನಾಳ ಮನೆಗೆ ಹೋದೆ. ಅವಳು ಪುಟ ತಿರುಗಿಸಿ, ಮುದ್ರೆಗಳನ್ನು ಬೆರಳಲ್ಲಿ ಮುಟ್ಟಿ, ಓದಿ ಹೇಳು ಎಂದಳು. ಒಂದೊಂದೇ ಸಾಲು ಗುಜರಾತಿ ಮಾಡಿ ಓದಿದೆ. ಮುಗಿದ ಮೇಲೆ ಅವಳು ಮೂರೂ ಪ್ರತಿಗಳನ್ನು ಒಟ್ಟಿಗೆ ಕೈಯಲ್ಲಿ ತೂಗಿ ನೋಡಿದಳು.

“ಆಟಲು ಬಧು ಲಖ್ಯು?” ಎಂದಳು. ಇಷ್ಟೆಲ್ಲ ಬರೆದೆಯಾ? ಅವತ್ತೇ ಬಂದು ಬಾಯಲ್ಲಿ ಹೇಳಿದ್ದರೆ ಆಗುತ್ತಿತ್ತಲ್ಲ!

ಹೌದಲ್ಲ ಎನಿಸಿತು. ಓಣಿ ದಾಟಿದರೆ ಅವಳ ಮನೆ. ನಾನು ಸುತ್ತಿದ್ದು ಮೂರು ಊರು.

ಈಗ ಅಹಮದಾಬಾದಿನಲ್ಲಿದ್ದೇನೆ, ಬರೆಯುವುದೇ ಕೆಲಸ. ಆರೋಗ್ಯ, ಆಹಾರ, ಯಾವುದಕ್ಕೆ ಯಾವ ಮದ್ದು ಎಂದು ವೆಬ್‌ಸೈಟಿಗೆ ಬರೆದು ಗುಂಡಿ ಒತ್ತಿದರೆ, ಮೆಟ್ರೋ ಮುಂದಿನ ಸ್ಟೇಷನ್ ಮುಟ್ಟುವುದರೊಳಗೆ ಪ್ರಕಟ. ಪ್ರಶ್ನೆ ಬರೆದು ಕಳಿಸುತ್ತಿದ್ದ ಮಾವ ತೀರಿಕೊಂಡು ವರ್ಷಗಳಾದವು. ಓದುವವರು ಎಷ್ಟೋ ಸಾವಿರ ಜನ ಎಂದು ಪರದೆ ಲೆಕ್ಕ ತೋರಿಸುತ್ತದೆ. ನನ್ನ ಮಾತು ನಂಬಿ ಯಾರು ದಾಟಿದರು, ಯಾರು ಮುಳುಗಿದರು ಎಂದು ಮಾತ್ರ ತೋರಿಸುವುದಿಲ್ಲ. ಆಗ ನನಗದು ತಿಳಿಯುತ್ತಿತ್ತು. ಜಿಗ್ನಾ ಮೇಜಿನ ಆಚೆ ಬದಿಯಲ್ಲೇ ಕೂತಿದ್ದಳು.